ಒತ್ತಿದರೆ ಕಲ್ಲು, ಎಳೆದರೆ ಹಪ್ಪಳ: ಪುಡಿಯಿಂದ ಮಾಡಿದ ಹೈ ಎಂಟ್ರೊಪಿ ಅಲಾಯ್ ಯಾಕೆ ಮುರಿಯುತ್ತದೆ?

ಹೈ ಎಂಟ್ರೊಪಿ ಅಲಾಯ್ ಅಂದರೆ ಒಂದೇ ಮುಖ್ಯ ಲೋಹ ಅಂತಿಲ್ಲದೆ, ಹಲವು ಲೋಹಗಳನ್ನು ಹೆಚ್ಚುಕಮ್ಮಿ ಸಮಪಾಲಿನಲ್ಲಿ ಬೆರೆಸಿದ ಮಿಶ್ರಲೋಹ. ಅದನ್ನು ಪುಡಿಯಿಂದ ಮಾಡುವಾಗ ಬರುವ ಕಾಯಿಲೆಯ ಲಕ್ಷಣ ಹೀಗಿರುತ್ತದೆ. ಕೋಬಾಲ್ಟ್, ಕ್ರೋಮಿಯಂ, ಕಬ್ಬಿಣ, ನಿಕಲ್, ಮ್ಯಾಂಗನೀಸ್, ಐದೂ ಪುಡಿ ಹಾಕಿ ಬಾಲ್ ಮಿಲ್‌ನಲ್ಲಿ (ಒಳಗಿನ ಗುಂಡುಗಳು ಪುಡಿಯನ್ನು ಕುಟ್ಟಿ ಬೆರೆಸುವ ಯಂತ್ರ) ಮೂವತ್ತು ನಲವತ್ತು ಗಂಟೆ ತಿರುಗಿಸಿದ್ದೀರಿ. ಆಮೇಲೆ ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್ ಯಂತ್ರದಲ್ಲಿ, ಅದನ್ನು ಎಲ್ಲರೂ ಎಸ್‌ಪಿಎಸ್ ಅನ್ನುತ್ತಾರೆ, 1000 ಡಿಗ್ರಿ ಸೆಲ್ಸಿಯಸ್ ಮತ್ತು 50 ಮೆಗಾಪಾಸ್ಕಲ್ ಒತ್ತಡ ಕೊಟ್ಟು, ಪುಡಿಯನ್ನು ಕರಗಿಸದೆ ಕಾಯಿಸಿ ಬೆಸೆದು (ಅದೇ ಸಿಂಟರಿಂಗ್) ಬಿಲ್ಲೆ ತೆಗೆದಿದ್ದೀರಿ. ಗಟ್ಟಿತನ ಚೆನ್ನಾಗಿದೆ. ಒತ್ತಿ ನೋಡಿದರೆ ಭರ್ಜರಿ ಬಲ. ಗೈಡ್ ಖುಷಿ, ನೀವೂ ಖುಷಿ. ಆಮೇಲೆ ಯಾರೋ ಎಳೆತದ ಪರೀಕ್ಷೆ ಮಾಡಿದ್ರಾ ಅಂತ ಕೇಳುತ್ತಾರೆ. ಮಾಡುತ್ತೀರಿ. ಗ್ರಾಫ್ ನೇರ ಮೇಲಕ್ಕೆ ಹೋಗುತ್ತದೆ, ಬಾಗುವ ಮೊದಲೇ ಟಪ್ ಅಂತ ಮುರಿಯುತ್ತದೆ.

ನಾನು ಇದೇ ಜಾಗದಲ್ಲಿ ತಿಂಗಳುಗಟ್ಟಲೆ ಕೂತಿದ್ದೆ. ಮಾಡಿದ ದೊಡ್ಡ ತಪ್ಪು ಏನೆಂದರೆ ಮಿಶ್ರಣದ ಪಾಲು ಬದಲಿಸುತ್ತಾ ಹೋಗಿದ್ದು. ಕ್ರೋಮಿಯಂ ಸ್ವಲ್ಪ ಕಮ್ಮಿ ಮಾಡೋಣ, ನಿಕಲ್ ಜಾಸ್ತಿ ಮಾಡೋಣ, ಒಂದು ಚಿಟಿಕೆ ಅಲ್ಯೂಮಿನಿಯಂ ಹಾಕೋಣ ಅಂತ. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಬರುವುದೂ ಇಲ್ಲ. ಯಾಕೆಂದರೆ ಈ ಐದು ಲೋಹಗಳ ಸಮಪಾಲಿನ ಅಲಾಯ್ ಹುಟ್ಟಿನಿಂದ ಪೆಡಸಲ್ಲ. 2004ರಲ್ಲಿ ಬ್ರಯಾನ್ ಕ್ಯಾಂಟರ್ ತಂಡ ಇದನ್ನು ಪ್ರಕಟಿಸಿತು, ಅದಕ್ಕೇ ಇದಕ್ಕೆ ಕ್ಯಾಂಟರ್ ಅಲಾಯ್ ಅಂತಲೇ ಹೆಸರು. 2014ರಲ್ಲಿ ಇದೇ ಅಲಾಯ್ ಅನ್ನು ಕರಗಿಸಿ, ಎರಕ ಹೊಯ್ದು, ತಟ್ಟಿ ಪರೀಕ್ಷೆ ಮಾಡಿದಾಗ ದ್ರವ ನೈಟ್ರೋಜನ್ ತಣ್ಣಗಿರುವ 77 ಕೆಲ್ವಿನ್‌ನಲ್ಲೂ ಬಿರುಕು ತಡೆಯುವ ಶಕ್ತಿ 200 ಮೆಗಾಪಾಸ್ಕಲ್ ರೂಟ್ ಮೀಟರ್ ದಾಟಿತ್ತು. ತಣ್ಣಗಾದಷ್ಟೂ ಇದು ಎಳೆದಾಗ ಮುರಿಯದೆ ಚೆನ್ನಾಗಿಯೇ ಹಿಗ್ಗುತ್ತದೆ. ಅಂಥ ಲೋಹ ನಿಮ್ಮ ಕೈಯಲ್ಲಿ ಹಪ್ಪಳದ ಹಾಗೆ ಮುರಿದರೆ ಪಾಕವಿಧಾನ ಸರಿಯೇ ಇದೆ, ಹಿಟ್ಟು ಹಾಳಾಗಿದೆ ಅಂತ ಅರ್ಥ. ಪುಡಿಯ ಮೈಮೇಲೆ ಏನೋ ಅಂಟಿಕೊಂಡು ಒಳಗೆ ಬಂದಿದೆ.

(ಇದರ ಒಂದು ಎಳೆ ಬೆಂಗಳೂರಿನಲ್ಲೂ ಇದೆ. ಐಐಎಸ್‌ಸಿಯ ಪ್ರೊ. ಎಸ್. ರಂಗನಾಥನ್ 2003ರಲ್ಲೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇಂಥ ಬಹುಲೋಹ ಕಾಕ್‌ಟೇಲ್‌ಗಳ ಬಗ್ಗೆ ಬರೆದಿದ್ದರು. ಬಾಲ್ ಮಿಲ್‌ನಲ್ಲಿ ಪುಡಿಯಾಗಿ ಹೈ ಎಂಟ್ರೊಪಿ ಅಲಾಯ್ ಮಾಡುವ ದಾರಿಯನ್ನು 2008ರ ಹೊತ್ತಿಗೆ ತೋರಿಸಿದವರಲ್ಲಿ ಐಐಟಿ ಮದ್ರಾಸ್‌ನ ಬಿ.ಎಸ್. ಮೂರ್ತಿಯವರ ತಂಡ ಮುಂದಿತ್ತು.)

ಸರಿ, ರೋಗ ಹುಡುಕೋಣ. ಕಾಸು ಖರ್ಚಾಗದ ಪರೀಕ್ಷೆಗಳು ಮೊದಲು.

ಲೋಹದ ತಪ್ಪಾ, ಸ್ಯಾಂಪಲ್ ತಪ್ಪಾ?

ಎಸ್‌ಪಿಎಸ್ ಬಿಲ್ಲೆ ಚಿಕ್ಕದು. ಅದರಿಂದ ಎಳೆತದ ಸ್ಯಾಂಪಲ್ ತೆಗೆಯಬೇಕಾದರೆ ವೈರ್ ಕಟ್‌ಗೆ ಕೊಡಲೇಬೇಕು. ವೈರ್ ಕಟ್ ಅಂದರೆ ಕಿಡಿಯಿಂದ ಕತ್ತರಿಸುವುದು. ಕತ್ತರಿಸಿದ ಮೈಯಲ್ಲಿ ಒಂದು ತೆಳು ಪದರ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ, ಅದರಲ್ಲಿ ಸಣ್ಣ ಸಣ್ಣ ಬಿರುಕು. ಒಂದು ಮಿಲಿಮೀಟರ್ ದಪ್ಪದ ಸ್ಯಾಂಪಲ್‌ಗೆ ಆ ಬಿರುಕೇ ಸಾಕು. ನನಗೆ ಇದನ್ನು ಹೇಳಿದ್ದು ಪ್ರೊಫೆಸರ್ ಅಲ್ಲ, ಪೀಣ್ಯದ ಒಂದು ವೈರ್ ಕಟ್ ಶೆಡ್‌ನ ಆಪರೇಟರ್. "ಸಾರ್, ಕಟ್ ಮಾಡಿದ್ಮೇಲೆ ಸೈಡು ಉಜ್ಜಲ್ವಾ ನೀವು?" ಅಂತ ಕೇಳಿದರು. ನಾನು ಮೇಲೆ ಕೆಳಗೆ ಮಾತ್ರ ಪಾಲಿಶ್ ಮಾಡುತ್ತಿದ್ದೆ. ನಾಲ್ಕೂ ಕಡೆ 1200 ಗ್ರಿಟ್ ಪೇಪರ್‌ವರೆಗೆ ಉಜ್ಜಿ, ಉಜ್ಜುವ ಗೆರೆ ಎಳೆಯುವ ದಿಕ್ಕಿಗೇ ಇರುವ ಹಾಗೆ ನೋಡಿಕೊಂಡು, ಇನ್ನೊಂದು ಸಲ ಎಳೆಯಿರಿ. ಸ್ವಲ್ಪವೂ ಸುಧಾರಿಸದಿದ್ದರೆ ಮುಂದಕ್ಕೆ ಹೋಗಿ.

ಒತ್ತುವ ಪರೀಕ್ಷೆಯ ಅಂಕಿಯನ್ನು ಮಾತ್ರ ನಂಬಬೇಡಿ. ಒತ್ತಿದಾಗ ಒಳಗಿನ ಬಿರುಕು ಮುಚ್ಚಿಕೊಳ್ಳುತ್ತದೆ, ಎಳೆದಾಗ ಬಾಯಿ ಬಿಡುತ್ತದೆ. ಪಾಕ ಸರಿಯಾಗದ ರವೆ ಉಂಡೆಯನ್ನು ಅಂಗೈಯಲ್ಲಿ ಒತ್ತಿದರೆ ಗಟ್ಟಿಯಾಗಿಯೇ ಇರುತ್ತದೆ. ಎರಡು ಕೈಯಲ್ಲಿ ಹಿಡಿದು ಎಳೆಯಿರಿ, ಆಗ ಗೊತ್ತಾಗುತ್ತದೆ.

ಇನ್ನೊಂದು ಪುಕ್ಕಟೆ ಪರೀಕ್ಷೆ: ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್. ಕಬ್ಬಿಣ, ಕೋಬಾಲ್ಟ್, ನಿಕಲ್ ಮೂರೂ ಬಿಡಿಬಿಡಿಯಾಗಿ ಮ್ಯಾಗ್ನೆಟ್‌ಗೆ ಅಂಟುತ್ತವೆ. ಐದೂ ಬೆರೆತು ಒಂದೇ ಲೋಹವಾದ ಕ್ಯಾಂಟರ್ ಅಲಾಯ್ ಮಾತ್ರ ಕೋಣೆಯ ತಾಪದಲ್ಲಿ ಅಂಟುವುದಿಲ್ಲ. ಬಿಲ್ಲೆ ಗಟ್ಟಿಯಾಗಿ ಅಂಟಿದರೆ ಬೆರೆಯದ ಪುಡಿ ಒಳಗೆ ಉಳಿದಿದೆ, ಇಲ್ಲವೇ ಮಿಲ್‌ನ ಉಕ್ಕಿನ ಗುಂಡು ಸವೆದು ಕಬ್ಬಿಣ ಸೇರಿದೆ. ಅಂಟದಿದ್ದರೆ ಖುಷಿಪಡಿ, ಆದರೆ ಜಾಸ್ತಿ ಬೇಡ. ಮುಂದೆ ಹೇಳುವ ಸಿಗ್ಮಾ, ಆಕ್ಸೈಡ್, ಕಾರ್ಬೈಡ್ ಯಾವುದೂ ಮ್ಯಾಗ್ನೆಟ್‌ಗೆ ಸಿಕ್ಕಿಬೀಳುವ ಕಳ್ಳರಲ್ಲ.

ತೂಕದ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ಸಮಪಾಲು ಅಂದರೆ ಪರಮಾಣುಗಳ ಸಮಪಾಲು, ಗ್ರಾಂಗಳದ್ದಲ್ಲ. 100 ಗ್ರಾಂಗೆ ಕೋಬಾಲ್ಟ್ 21.02, ಕ್ರೋಮಿಯಂ 18.54, ಕಬ್ಬಿಣ 19.92, ಮ್ಯಾಂಗನೀಸ್ 19.59, ನಿಕಲ್ 20.93 ಗ್ರಾಂ. ಐದನ್ನೂ 20 ಗ್ರಾಂ ಹಾಕಿದವರನ್ನು ನೋಡಿದ್ದೇನೆ. ತಪ್ಪು ತಪ್ಪೇ, ಆದರೆ ಅದರಿಂದಲೇ ಲೋಹ ಹಪ್ಪಳವಾಗುವುದಿಲ್ಲ.

ಸಾಂದ್ರತೆ 99 ಶೇಕಡಾ ಬಂತು ಅಂತ ನೆಮ್ಮದಿಯಾಗಬೇಡಿ

ಆರ್ಕಿಮಿಡೀಸ್ ವಿಧಾನದಲ್ಲಿ ನೀರಲ್ಲಿ ತೂಗಿ, ಘನ ಸೆಂಟಿಮೀಟರ್‌ಗೆ ಸುಮಾರು 8 ಗ್ರಾಂ ಅನ್ನುವ ಅಂಕಿಯಿಂದ ಭಾಗಿಸುತ್ತೀರಿ ಅಲ್ವಾ? ಆ 8 ಶುದ್ಧ ಅಲಾಯ್‌ನದು. ನಿಮ್ಮ ಬಿಲ್ಲೆಯಲ್ಲಿ ಕ್ರೋಮಿಯಂ ಆಕ್ಸೈಡ್ ಇದ್ದರೆ ಅದರ ಸಾಂದ್ರತೆ 5.2 ಮಾತ್ರ. ಗಾತ್ರದಲ್ಲಿ 3 ಶೇಕಡಾ ಆಕ್ಸೈಡ್ ಇದ್ದರೆ ಒಂದೂ ತೂತು ಇಲ್ಲದಿದ್ದರೂ 99 ಶೇಕಡಾ ಅಂತಲೇ ಬರುತ್ತದೆ. ಉಲ್ಟಾ ಕೂಡ ಆಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಮತ್ತು ಗುಂಡು ಬಳಸಿದವರಿಗೆ ಅದರ ಚೂರು ಪುಡಿಯಲ್ಲಿ ಸೇರುತ್ತದೆ, ಅದರ ಸಾಂದ್ರತೆ 15.6. ಗಾತ್ರದಲ್ಲಿ 1 ಶೇಕಡಾ ಅದು ಸೇರಿದರೆ, 1 ಶೇಕಡಾ ತೂತನ್ನು ಹೆಚ್ಚುಕಮ್ಮಿ ಪೂರ್ತಿ ಮುಚ್ಚಿಹಾಕುತ್ತದೆ. ಅಂಕಿ 100. ಒಳಗೆ ತೂತೂ ಇದೆ, ಕಸವೂ ಇದೆ.

ಅದಕ್ಕೇ ಬಿಲ್ಲೆಯನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಆಸಿಡ್ ಹಾಕದೆ, ಸಾದಾ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಆಸಿಡ್ ಹಾಕಿದ ಮೇಲೆ ನೋಡಿದರೆ ಆಸಿಡ್ ತಿಂದ ಗುಳಿ ಯಾವುದು, ನಿಜವಾದ ತೂತು ಯಾವುದು ಗೊತ್ತಾಗುವುದಿಲ್ಲ. ಕಪ್ಪು ಚುಕ್ಕೆಗಳು ಅಲ್ಲೊಂದು ಇಲ್ಲೊಂದು, ಮೂಲೆ ಮೂಲೆಗಳಲ್ಲಿ ಇದ್ದರೆ ತೂತು. ಸಿಂಟರಿಂಗ್ ಸಾಕಾಗಿಲ್ಲ. ಅದೇ ಚುಕ್ಕೆಗಳು ಮಣಿಸರದ ಹಾಗೆ ಸಾಲಾಗಿ, ಹಳೆಯ ಪುಡಿಕಣದ ಅಂಚನ್ನೇ ಹಿಡಿದು ಸುತ್ತಿದ್ದರೆ ಅದು ಬೇರೆ ಕಥೆ. ನಿಮ್ಮ ಪುಡಿಕಣಗಳು ಒಂದಕ್ಕೊಂದು ಬೆಸೆದಿಲ್ಲ, ನಡುವೆ ತೆಳು ಸಿಪ್ಪೆ ಇಟ್ಟುಕೊಂಡು ಪಕ್ಕ ಪಕ್ಕ ಕೂತಿವೆ ಅಷ್ಟೇ. ಮುದ್ದೆ ತಿರುವುವಾಗ ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದಲ್ಲ, ಹಾಗೆ.

ಮುರಿದ ಮುಖ

ಇದನ್ನು ಮೊದಲ ದಿನವೇ ನೋಡಬೇಕಿತ್ತು. ಜನ ಮುರಿದ ತುಂಡನ್ನು ಕವರ್‌ಗೆ ಹಾಕಿ ಡ್ರಾಯರ್‌ನಲ್ಲಿಟ್ಟು ಗ್ರಾಫ್ ನೋಡುತ್ತಾ ಕೂರುತ್ತಾರೆ. ನಾನೂ ಹಾಗೇ ಮಾಡಿದೆ. ಮುರಿದ ಮುಖವನ್ನು ಕೈಯಿಂದ ಮುಟ್ಟದೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಡಿ. ಸಾಮಾನ್ಯವಾಗಿ ನಾಲ್ಕು ಚಿತ್ರಗಳಲ್ಲಿ ಒಂದು ಕಾಣುತ್ತದೆ.

ಚಿಕ್ಕ ಚಿಕ್ಕ ಬಟ್ಟಲುಗಳು ಪೂರ್ತಿ ಮೈಮೇಲೆ ಇದ್ದರೆ ಲೋಹ ಹಿಗ್ಗಿಯೇ ಹರಿದಿದೆ. ಪ್ರತಿ ಬಟ್ಟಲಿನ ತಳದಲ್ಲೂ ಒಂದೊಂದು ಕಾಳು ಕೂತಿದ್ದರೆ ಆ ಕಾಳು ಆಕ್ಸೈಡೋ ಕಾರ್ಬೈಡೋ, ಅಲ್ಲಿಂದಲೇ ಬಾಯಿ ಬಿಟ್ಟಿದೆ. ಎರಡನೆಯದು, ನುಣ್ಣನೆಯ ಗುಂಡು ಗುಂಡು ಮೈ, ನಿಮ್ಮ ಪುಡಿಕಣದ ಗಾತ್ರವೇ, ದಾಳಿಂಬೆ ಬಿಡಿಸಿದ ಹಾಗೆ. ಇದು ಕಣಗಳು ಬೆಸೆಯದ ಗುರುತು, ನೇರ ಆಮ್ಲಜನಕದ ವಿಷಯಕ್ಕೆ ಹೋಗಿ. ಮೂರನೆಯದು ಚಪ್ಪಟೆ ಮುಖಗಳು, ಹೊಳೆಯುವ ಮೆಟ್ಟಿಲುಗಳು. ಒಳಗೆ ಪೆಡಸಾದ ಇನ್ನೊಂದು ಹಂತ (ಫೇಸ್, ಅಂದರೆ ಬೇರೆ ಜೋಡಣೆಯ ಹರಳು) ಹುಟ್ಟಿದೆ, ಸಿಗ್ಮಾ ಮೇಲೆ ಅನುಮಾನಪಡಿ. ನಾಲ್ಕನೆಯದು ತುಂಬಾ ಸಣ್ಣ, ಮೈಕ್ರಾನ್‌ಗಿಂತ ಚಿಕ್ಕ ಬಟ್ಟಲುಗಳು ಮತ್ತು ಗ್ರಾಫ್‌ನಲ್ಲಿ ಬಾಗಿದ ತಕ್ಷಣ ಇಳಿಜಾರು. ಇಲ್ಲಿ ಲೋಹ ಶುದ್ಧವಾಗಿಯೇ ಇರಬಹುದು, ಗ್ರೇನ್, ಅಂದರೆ ಲೋಹದೊಳಗಿನ ಒಂದೊಂದು ಹರಳು, ತೀರಾ ಸಣ್ಣದಾಗಿದೆ.

ನನ್ನದು ದಾಳಿಂಬೆ.

ಆಮ್ಲಜನಕ: ನಿಜವಾದ ಕಳ್ಳ

ಪುಡಿ ಅಂದರೆ ಮೈ ಜಾಸ್ತಿ. ಮೈ ಜಾಸ್ತಿ ಅಂದರೆ ತುಕ್ಕು ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 45 ಮೈಕ್ರಾನ್ ಗುಂಡು ಕಣದ ಮೇಲೆ 5 ನ್ಯಾನೊಮೀಟರ್ ದಪ್ಪ ಆಕ್ಸೈಡ್ ಸಿಪ್ಪೆ ಇದ್ದರೆ ತೂಕದಲ್ಲಿ ಆಮ್ಲಜನಕ ಸುಮಾರು 130 ಪಿಪಿಎಂ (ಹತ್ತು ಲಕ್ಷದಲ್ಲಿ 130 ಪಾಲು). ಅದೇ ಕಣ 5 ಮೈಕ್ರಾನ್ ಆದರೆ 1200 ಪಿಪಿಎಂ. ಮಿಲ್ ಆದ ಪುಡಿ ಗುಂಡಾಗಿಯೂ ಇರುವುದಿಲ್ಲ, ಚಕ್ಕೆ ಚಕ್ಕೆಯಾಗಿ ಅಂಕುಡೊಂಕಾಗಿರುತ್ತದೆ, ಹಾಗಾಗಿ ಮೈ ಇನ್ನೂ ಜಾಸ್ತಿ. ಗ್ಯಾಸ್ ಆಟೊಮೈಸ್ ಮಾಡಿದ (ಕರಗಿದ ಲೋಹವನ್ನು ಅನಿಲದಿಂದ ಸಿಡಿಸಿ ಹನಿ ಮಾಡಿದ) ಪುಡಿಯಲ್ಲಿ ಆಮ್ಲಜನಕ ನೂರರ ಲೆಕ್ಕದಲ್ಲಿ ಇದ್ದರೆ ಮಿಲ್ ಮಾಡಿದ ಪುಡಿಯಲ್ಲಿ ಸಾವಿರದ ಲೆಕ್ಕಕ್ಕೆ ಏರುವುದು ಇದಕ್ಕೇ.

ಹೈಡ್ರೋಜನ್‌ನಲ್ಲಿ ಕಾಯಿಸಿ ತೆಗೆದುಬಿಡ್ತೀನಿ ಅನ್ನುತ್ತೀರಾ? ಕಬ್ಬಿಣ, ನಿಕಲ್, ಕೋಬಾಲ್ಟ್‌ಗಳ ಆಕ್ಸೈಡ್ ಅದಕ್ಕೆ ಬಗ್ಗುತ್ತದೆ. ಕ್ರೋಮಿಯಂ ಆಕ್ಸೈಡ್ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅನಿಲ ಅತಿ ಒಣಗಿರಬೇಕು, ತಾಪ ತುಂಬಾ ಜಾಸ್ತಿ ಇರಬೇಕು. ಮ್ಯಾಂಗನೀಸ್ ಇನ್ನೂ ಹಠಮಾರಿ. ಅದಕ್ಕಿಂತ ಕೆಟ್ಟ ಸಂಗತಿ ಒಂದಿದೆ. ಕಾಯಿಸುವಾಗ ಕಬ್ಬಿಣ, ನಿಕಲ್ ಬಿಟ್ಟುಕೊಟ್ಟ ಆಮ್ಲಜನಕವನ್ನು ಪಕ್ಕದಲ್ಲೇ ಇರುವ ಕ್ರೋಮಿಯಂ, ಮ್ಯಾಂಗನೀಸ್ ಹಿಡಿದುಕೊಳ್ಳುತ್ತವೆ. ಸುಲಭದ ಆಕ್ಸೈಡ್ ಹೋಗಿ ಕಷ್ಟದ ಆಕ್ಸೈಡ್ ಉಳಿಯುತ್ತದೆ. ಎಸ್‌ಪಿಎಸ್ ಎಷ್ಟೇ ಒತ್ತಿದರೂ ಆ ಸಿಪ್ಪೆ ಮಾಯವಾಗುವುದಿಲ್ಲ, ಚೂರಾಗಿ ಅಲ್ಲೇ ಸಾಲಾಗಿ ನಿಲ್ಲುತ್ತದೆ. ಮಣಿಸರ ಅಂದೆನಲ್ಲ, ಅದು ಇದೇ. ಒಮ್ಮೆ ಒಳಗೆ ಬಂದ ಆಮ್ಲಜನಕ ಬಾಡಿಗೆದಾರ ಅಲ್ಲ, ಮನೆ ಅಳಿಯ.

ಇದನ್ನು ಎಕ್ಸ್‌ಆರ್‌ಡಿಯಲ್ಲಿ (ಹರಳಿನ ಜೋಡಣೆ ತೋರಿಸುವ ಎಕ್ಸ್-ರೇ ಪರೀಕ್ಷೆ) ಹುಡುಕಬೇಡಿ. ಒಂದೆರಡು ಶೇಕಡಾ ಆಕ್ಸೈಡ್ ಅಲ್ಲಿ ಕಾಣುವುದೇ ಇಲ್ಲ. ಗ್ರಾಫ್‌ನಲ್ಲಿ 43.5, 50.7, 74.6 ಡಿಗ್ರಿಗಳಲ್ಲಿ ಚಂದದ ಮೂರು ಶಿಖರ ಕಂಡು ಸಿಂಗಲ್ ಫೇಸ್ ಎಫ್‌ಸಿಸಿ (ಎಲ್ಲವೂ ಒಂದೇ ಜೋಡಣೆಯ ಹರಳು) ಅಂತ ಬರೆದುಬಿಡುತ್ತೀರಿ. ಬಿಲ್ಲೆಯ ಹೊರಮೈ ತೆಗೆದು, ಒಳಗಿನ ತುಂಡನ್ನು ಕರಗಿಸಿ ಆಮ್ಲಜನಕ ಅಳೆಯುವ ಯಂತ್ರಕ್ಕೆ ಕೊಡಿ. ಪುಡಿಯನ್ನೂ ಕೊಡಿ, ಮಿಲ್ ಮಾಡುವ ಮೊದಲಿನದು ಮತ್ತು ಆಮೇಲಿನದು. ಮೂರು ಅಂಕಿ ಪಕ್ಕಪಕ್ಕ ಇಟ್ಟರೆ ಆಮ್ಲಜನಕ ಯಾವ ಬಾಗಿಲಿನಿಂದ ಬಂತು ಅಂತ ಗೊತ್ತಾಗುತ್ತದೆ.

ನಮ್ಮಲ್ಲಿ ಬಾಗಿಲು ಯಾವುದಿತ್ತು ಗೊತ್ತಾ? ನಾನೇ. ಥೀಸಿಸ್‌ನಲ್ಲಿ ಒಂದು ಚಿತ್ರ ಇರುತ್ತದಲ್ಲ, 0 ಗಂಟೆ, 5 ಗಂಟೆ, 10 ಗಂಟೆ ಅಂತ ಎಕ್ಸ್‌ಆರ್‌ಡಿ ಗೆರೆಗಳನ್ನು ಒಂದರ ಮೇಲೊಂದು ಜೋಡಿಸಿರುವುದು. ಆ ಚಿತ್ರಕ್ಕಾಗಿ ಐದೈದು ಗಂಟೆಗೊಮ್ಮೆ ಮಿಲ್ ನಿಲ್ಲಿಸಿ, ಡಬ್ಬಿ ಮುಚ್ಚಳ ತೆಗೆದು, ಒಂದು ಚಮಚ ಪುಡಿ ತೆಗೆದು, ಮತ್ತೆ ಮುಚ್ಚುತ್ತಿದ್ದೆ. ಗ್ಲೋವ್ ಬಾಕ್ಸ್ (ಗಾಳಿ ತಾಗದೆ ಕೆಲಸ ಮಾಡಲು ಆರ್ಗಾನ್ ತುಂಬಿದ, ಕೈಗವಸಿನ ಪೆಟ್ಟಿಗೆ) ಬುಕಿಂಗ್ ಸಿಗದ ದಿನ ಹೊರಗೇ, ಟೇಬಲ್ ಮೇಲೆ, ಮೇಲಿಂದ ಸ್ವಲ್ಪ ಆರ್ಗಾನ್ ಊದಿಕೊಂಡು. ಪ್ರತಿ ಸಲವೂ ಗುಂಡು ಹೊಡೆದು ಆಗ ತಾನೇ ತೆರೆದ ಹೊಸ ಲೋಹದ ಮೈ ಗಾಳಿ ಕುಡಿಯುತ್ತಿತ್ತು. ಆಮೇಲೆ ಮತ್ತೆ ಮಿಲ್ ತಿರುಗಿಸಿದಾಗ ಆ ತುಕ್ಕು ಒಳಕ್ಕೆ ಹೊಕ್ಕು, ಮತ್ತೆ ಹೊಸ ಮೈ ತೆರೆದು, ಮತ್ತೆ ಗಾಳಿ. ಹೀಗೆ ಎಂಟು ಸಲ. ಅದೇ ಪುಡಿಯಿಂದ ಎಳೆತದ ಬಿಲ್ಲೆ.

ಅದಕ್ಕೆ ಮೊದಲ ಔಷಧಿ: ಚಿತ್ರಕ್ಕೆ ಬೇರೆ ಬ್ಯಾಚ್, ಬಿಲ್ಲೆಗೆ ಬೇರೆ ಬ್ಯಾಚ್. ಬಿಲ್ಲೆಯ ಬ್ಯಾಚ್ ಮುಚ್ಚಿದ ಮೇಲೆ ಕೊನೆವರೆಗೂ ತೆಗೆಯಬಾರದು. ತೂಗುವುದು, ತುಂಬುವುದು, ತೆಗೆಯುವುದು, ಡೈಗೆ (ಎಸ್‌ಪಿಎಸ್‌ನ ಅಚ್ಚು) ಹಾಕುವುದು ಎಲ್ಲವೂ ಗ್ಲೋವ್ ಬಾಕ್ಸ್ ಒಳಗೆ.

ಎರಡನೆಯದು ಡಬ್ಬಿಯ ಓ-ರಿಂಗ್, ಮುಚ್ಚಳದ ರಬ್ಬರ್ ಬಳೆ. ಎರಡು ವರ್ಷದಿಂದ ಅದೇ ಇದ್ದು, ಉಗುರಿನಿಂದ ಒತ್ತಿದರೆ ಗುರುತು ಹಾಗೇ ಉಳಿದರೆ ಎಸೆಯಿರಿ. ಮಿಲ್ ಬಿಸಿಯಾದಾಗ ಒಳಗಿನ ಅನಿಲ ಹೊರಗೆ ತಳ್ಳುತ್ತದೆ, ತಣ್ಣಗಾದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಡುವು ಕೊಟ್ಟು ಕೊಟ್ಟು ತಿರುಗಿಸಿದಷ್ಟೂ ಈ ಉಸಿರಾಟ.

ಮೂರನೆಯದು ಮ್ಯಾಂಗನೀಸ್ ಬಾಟಲಿ. ಐದರಲ್ಲಿ ಬೇಗ ಹಾಳಾಗುವುದು ಅದೇ. ಬಾಟಲಿ ಹಳೆಯದಾಗಿ ಪುಡಿ ಕಂದು ಬಣ್ಣಕ್ಕೆ ತಿರುಗಿದ್ದರೆ ನೀವು ತೂಗುತ್ತಿರುವುದು ಮ್ಯಾಂಗನೀಸ್ ಒಂದನ್ನೇ ಅಲ್ಲ. ಸಾಧ್ಯವಾದರೆ ಚಕ್ಕೆಯ ರೂಪದ್ದು ತಂದು ಗ್ಲೋವ್ ಬಾಕ್ಸ್‌ನಲ್ಲೇ ಪುಡಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ, ಇದು ತಮಾಷೆಯಲ್ಲ. ಗಾಳಿ ತಾಗದೆ ಚೆನ್ನಾಗಿ ಮಿಲ್ ಆದ ಪುಡಿಯನ್ನು ಒಮ್ಮೆಲೇ ಗಾಳಿಗೆ ತೆರೆದರೆ ಹೊತ್ತಿಕೊಳ್ಳಬಹುದು, ಟಾಲ್ವೀನ್ ಒದ್ದೆ ಇದ್ದರೆ ಇನ್ನೂ ಅಪಾಯ. ಡಬ್ಬಿ ಪೂರ್ತಿ ತಣ್ಣಗಾಗಲಿ. ಹೊರಗೆ ತರಲೇಬೇಕಾದರೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಡಿ. ಪಕ್ಕದಲ್ಲಿ ಒಣ ಮರಳು ಇರಲಿ. ಉರಿಯುವ ಲೋಹದ ಪುಡಿಗೆ ನೀರು ಹಾಕಬಾರದು.

ಕಾರ್ಬನ್ ಎರಡು ದಾರಿಯಿಂದ ಬರುತ್ತದೆ

ಒಂದು ದಾರಿ ನೀವೇ ಹಾಕಿದ್ದು. ಪುಡಿ ಗುಂಡಿಗೆ ಅಂಟಬಾರದು ಅಂತ ಸ್ಟಿಯರಿಕ್ ಆಸಿಡ್ ಅಥವಾ ಟಾಲ್ವೀನ್ ಹಾಕುತ್ತೇವೆ. ಸ್ಟಿಯರಿಕ್ ಆಸಿಡ್‌ನ ತೂಕದಲ್ಲಿ 76 ಶೇಕಡಾ ಕಾರ್ಬನ್ನೇ. 100 ಗ್ರಾಂ ಪುಡಿಗೆ 1 ಗ್ರಾಂ ಹಾಕಿದರೆ, ಎಲ್ಲವೂ ಒಳಗೇ ಉಳಿಯಿತು ಅಂದುಕೊಂಡರೆ, 0.76 ಗ್ರಾಂ ಕಾರ್ಬನ್. ಚಿಕ್ಕ ಅಂಕಿ ಅನ್ನಿಸುತ್ತದೆ. ಆದರೆ ಅದಿಷ್ಟೂ ಕ್ರೋಮಿಯಂ ಜೊತೆ ಸೇರಿ, 23 ಕ್ರೋಮಿಯಂಗೆ 6 ಕಾರ್ಬನ್ ಇರುವ ಕಾರ್ಬೈಡ್ ಆದರೆ, ಅದರ ತೂಕ 13 ಗ್ರಾಂ ದಾಟುತ್ತದೆ. ನೀವು ಹಾಕಿದ್ದೇ 18.54 ಗ್ರಾಂ ಕ್ರೋಮಿಯಂ! ಅದರಲ್ಲಿ ಮೂರನೇ ಎರಡು ಭಾಗ ಕಾರ್ಬೈಡ್‌ಗೆ ಹೋಯಿತು. ನಿಜದಲ್ಲಿ ಒಂದಷ್ಟು ಕಾರ್ಬನ್ ಆವಿಯಾಗಿ ಹೋಗುತ್ತದೆ, ಕಾರ್ಬೈಡ್‌ನಲ್ಲಿ ಬೇರೆ ಲೋಹಗಳೂ ಸೇರುತ್ತವೆ, ಹಾಗಾಗಿ ಅಷ್ಟು ಕೆಡುವುದಿಲ್ಲ. ಆದರೂ ಲೆಕ್ಕ ಹೆದರಿಸುವ ಹಾಗೇ ಇದೆ.

ಇನ್ನೊಂದು ದಾರಿ ಎಸ್‌ಪಿಎಸ್‌ನ ಗ್ರಾಫೈಟ್ ಡೈ ಮತ್ತು ಗ್ರಾಫೈಟ್ ಹಾಳೆ. ಇದು ಹೊರಮೈಯಿಂದ ಒಳಕ್ಕೆ ಇಳಿಯುತ್ತದೆ.

ಎರಡನ್ನೂ ಬೇರೆ ಮಾಡುವುದು ಸುಲಭ. ಬಿಲ್ಲೆಯನ್ನು ಅಡ್ಡ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಸಾಲಾಗಿ ಗಟ್ಟಿತನ ಅಳೆಯಿರಿ. ಅಂಚಿನಲ್ಲಿ ಜಾಸ್ತಿ ಇದ್ದು ಒಳಗೆ ಹೋದಂತೆ ಇಳಿದರೆ ಡೈ ತಪ್ಪು. ಒಂದು ಮಿಲಿಮೀಟರ್‌ವರೆಗೆ ತೇಯ್ದು ತೆಗೆಯಿರಿ, ಮುಂದಿನ ಸಲ ಹಾಳೆಗೆ ಬೋರಾನ್ ನೈಟ್ರೈಡ್ ಸ್ಪ್ರೇ ಹೊಡೆಯಿರಿ. ಎಲ್ಲ ಕಡೆ ಒಂದೇ ತರ ಗಟ್ಟಿ ಇದ್ದರೆ ಸ್ಟಿಯರಿಕ್ ಆಸಿಡ್ ಕಡೆ ತಿರುಗಿ. ಪ್ರಮಾಣ ಅರ್ಧ ಮಾಡಿ. ಸಿಂಟರಿಂಗ್‌ಗೆ ಮೊದಲು ಒತ್ತಡ ಕೊಡದೆ, ವ್ಯಾಕ್ಯೂಮ್‌ನಲ್ಲಿ 450ರಿಂದ 500 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಹೊಗೆ ಹೋಗಲಿ. ವ್ಯಾಕ್ಯೂಮ್ ಗೇಜ್ ಆಗ ಏರಿ ಮತ್ತೆ ಇಳಿಯುತ್ತದೆ, ಇಳಿದ ಮೇಲೆ ಮುಂದಕ್ಕೆ ಹೋಗಿ. ಎಕ್ಸ್‌ಆರ್‌ಡಿಯಲ್ಲಿ ಈ ಕಾರ್ಬೈಡ್ 37.7 ಮತ್ತು 44.1 ಡಿಗ್ರಿ ಹತ್ತಿರ ತಲೆ ಎತ್ತುತ್ತದೆ. ಎರಡನೆಯದು ನಿಮ್ಮ ದೊಡ್ಡ ಶಿಖರದ ಹೆಗಲ ಮೇಲೇ ಕೂತಿರುತ್ತದೆ, ಹಿಗ್ಗಿಸಿ ನೋಡದಿದ್ದರೆ ತಪ್ಪಿಹೋಗುತ್ತದೆ. ಇಡಿಎಸ್ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಜೊತೆಗಿರುವ, ಯಾವ ಧಾತು ಎಷ್ಟಿದೆ ಅಂತ ಹೇಳುವ ಸಾಧನ) ಹೇಳುವ ಕಾರ್ಬನ್ ಅಂಕಿಯನ್ನು ನಂಬಬೇಡಿ, ಅದು ಕೈ ಜಿಡ್ಡನ್ನೂ ಎಣಿಸುತ್ತದೆ.

ಸಿಗ್ಮಾ

ಸಮಪಾಲಿನ ಕ್ಯಾಂಟರ್ ಅಲಾಯ್ ಎಲ್ಲ ತಾಪದಲ್ಲೂ ಒಂದೇ ಹಂತವಾಗಿ ಇರುವುದಿಲ್ಲ. 500 ದಿನ ಒಲೆಯಲ್ಲಿಟ್ಟು ನೋಡಿದ ಒಂದು ಪ್ರಸಿದ್ಧ ಪ್ರಯೋಗವಿದೆ. 900 ಡಿಗ್ರಿಯಲ್ಲಿ ಒಂದೇ ಹಂತ, 700ರಲ್ಲಿ ಕ್ರೋಮಿಯಂ ತುಂಬಿದ ಸಿಗ್ಮಾ ಹುಟ್ಟಿತ್ತು, 500ರಲ್ಲಿ ಇನ್ನೂ ಬೇರೆ ಬೇರೆ ಹಂತಗಳಾಗಿ ಒಡೆದಿತ್ತು. ನಮಗೆ 500 ದಿನ ಎಲ್ಲಿಂದ ಬರಬೇಕು ಅನ್ನಬೇಡಿ. ಮಿಲ್ ಮಾಡಿದ ಪುಡಿಯಲ್ಲಿ ಗ್ರೇನ್ ನ್ಯಾನೊ ಅಳತೆಯದು, ಪರಮಾಣುಗಳು ಓಡಾಡಲು ಗಡಿಗಳೇ ಗಡಿಗಳು, ಆದ್ದರಿಂದ ಅದೇ ಒಡೆಯುವಿಕೆ ಗಂಟೆಗಳಲ್ಲಿ ಆಗಬಹುದು. 750 ಡಿಗ್ರಿಯಲ್ಲಿ ಸಿಂಟರ್ ಮಾಡಿದ್ದರೆ ಅಥವಾ ಒಲೆಯಲ್ಲೇ ನಿಧಾನ ತಣ್ಣಗಾಗಲು ಬಿಟ್ಟಿದ್ದರೆ ಅನುಮಾನ ಪಡಲೇಬೇಕು.

ಪರೀಕ್ಷೆ: ಒಂದೇ ಬಿಲ್ಲೆಯಿಂದ ಎರಡು ಸ್ಯಾಂಪಲ್. ಒಂದನ್ನು ಹಾಗೇ ಬಿಡಿ, ಇನ್ನೊಂದನ್ನು ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಸ್ ಟ್ಯೂಬ್‌ನಲ್ಲಿ 1100 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ನೀರಿಗೆ ಹಾಕಿ ಟ್ಯೂಬ್ ಒಡೆಯಿರಿ. ಹಿಗ್ಗುವ ಗುಣ ವಾಪಸ್ ಬಂದರೆ ಸಿಗ್ಮಾ ಇತ್ತು, ಇಲ್ಲವೇ ಗ್ರೇನ್ ಸಣ್ಣದಿತ್ತು. ಏನೂ ಬದಲಾಗದಿದ್ದರೆ ಮತ್ತೆ ಆಮ್ಲಜನಕದ ಬಳಿಗೇ ವಾಪಸ್, ಆಕ್ಸೈಡ್ ಕರಗುವುದಿಲ್ಲ. ಇದು ತುಂಬಾ ಒಳ್ಳೆಯ ಪರೀಕ್ಷೆ, ಅರ್ಧ ದಿನದ ಕೆಲಸ. ಕಾಯಿಸಿದ ಮೇಲೆ ಸಾಂದ್ರತೆ ಕಮ್ಮಿಯಾದರೆ ಅದೂ ಒಂದು ಸುಳಿವು: ಪುಡಿಯೊಳಗೆ ಸಿಕ್ಕಿಕೊಂಡಿದ್ದ ಆರ್ಗಾನ್ ಉಬ್ಬಿದೆ.

ಗ್ರೇನ್ ತೀರಾ ಸಣ್ಣದಾದರೆ

ಕ್ಯಾಂಟರ್ ಅಲಾಯ್‌ಗೆ ಹಾಲ್-ಪೆಚ್ ಲೆಕ್ಕ (ಗ್ರೇನ್ ಸಣ್ಣದಾದಷ್ಟೂ ಬಲ ಎಷ್ಟು ಏರುತ್ತದೆ ಅನ್ನುವ ಸೂತ್ರ) ಹೆಚ್ಚುಕಮ್ಮಿ ಹೀಗಿದೆ: ಮೂಲ ಬಲ 125 ಮೆಗಾಪಾಸ್ಕಲ್, ಅದಕ್ಕೆ 494 ಅನ್ನು ಗ್ರೇನ್ ಗಾತ್ರದ (ಮೈಕ್ರಾನ್‌ನಲ್ಲಿ) ವರ್ಗಮೂಲದಿಂದ ಭಾಗಿಸಿ ಕೂಡಿ. 10 ಮೈಕ್ರಾನ್‌ಗೆ ಸುಮಾರು 280, ಒಂದು ಮೈಕ್ರಾನ್‌ಗೆ 620, 0.2 ಮೈಕ್ರಾನ್‌ಗೆ 1230. ಬಲ ಏರುತ್ತಾ ಹೋಗುತ್ತದೆ, ಸರಿ. ಆದರೆ ಗ್ರೇನ್ ಒಳಗೆ ಡಿಸ್‌ಲೊಕೇಶನ್‌ಗಳು (ಹರಳಿನ ಸಾಲಿನ ದೋಷಗಳು, ಲೋಹ ಹಿಗ್ಗುವುದು ಇವು ಸರಿದಾಡಿಯೇ) ಕೂಡಿಕೊಳ್ಳಲು ಜಾಗವೇ ಇಲ್ಲದಿದ್ದರೆ ಲೋಹ ಎಳೆದಂತೆ ಗಟ್ಟಿಯಾಗುವುದು ನಿಂತುಹೋಗುತ್ತದೆ. ಬಾಗಿದ ತಕ್ಷಣ ಒಂದೇ ಕಡೆ ಕುತ್ತಿಗೆ ಸಣ್ಣಗಾಗಿ ಹರಿಯುತ್ತದೆ.

ಎರಡು ದಾರಿ. ಒಂದು, 900ರಿಂದ 1000 ಡಿಗ್ರಿಯಲ್ಲಿ ಕಾಯಿಸಿ ಗ್ರೇನ್ ಬೆಳೆಸುವುದು. ಆಕ್ಸೈಡ್ ಜಾಸ್ತಿ ಇದ್ದರೆ ಅದು ಗ್ರೇನ್ ಗಡಿಯನ್ನು ಮೊಳೆ ಹೊಡೆದ ಹಾಗೆ ಹಿಡಿದಿರುತ್ತದೆ, ಬೆಳೆಯಲು ಬಿಡುವುದಿಲ್ಲ. ಇನ್ನೊಂದು, ನನಗೆ ಇಷ್ಟವಾದದ್ದು, ದಪ್ಪ ಪುಡಿ ಮತ್ತು ಮಿಲ್ ಮಾಡಿದ ಸಣ್ಣ ಪುಡಿ ಬೆರೆಸಿ ಸಿಂಟರ್ ಮಾಡುವುದು. ಸಣ್ಣ ಗ್ರೇನ್ ಜಾಗ ಬಲ ಕೊಡುತ್ತದೆ, ದಪ್ಪ ಗ್ರೇನ್ ಜಾಗ ಹಿಗ್ಗುತ್ತದೆ. ಪುಡಿಯ ದಾರಿಯಲ್ಲಿ ಇದು ಸಲೀಸು, ಎರಕದಲ್ಲಿ ಇಷ್ಟು ಸುಲಭವಿಲ್ಲ.

ಉಳಿದ ಸಣ್ಣಪುಟ್ಟ

ಎಸ್‌ಪಿಎಸ್ ಪರದೆಯಲ್ಲಿ 1000 ಅಂತ ಕಂಡರೆ ಅದು ಪೈರೊಮೀಟರ್ (ಮುಟ್ಟದೆ ತಾಪ ಅಳೆಯುವ ಸಾಧನ) ನೋಡುತ್ತಿರುವ ಡೈ ಹೊರಮೈ. ಒಳಗೆ ಹತ್ತಾರು ಡಿಗ್ರಿ ಜಾಸ್ತಿ ಇರುವುದು ಮಾಮೂಲು. ಡೈ ಗಾತ್ರ ಬದಲಿಸಿದ ಮೇಲೆ ಹಳೆಯ 1000 ಮತ್ತು ಹೊಸ 1000 ಒಂದೇ ಅಲ್ಲ. ಪಂಚ್ (ಡೈಯಲ್ಲಿ ಪುಡಿಯನ್ನು ಒತ್ತುವ ದಂಡ) ಅಂಚಿನಲ್ಲಿ ಲೋಹದ ಬೆವರ ಹನಿ ಕಂಡರೆ ಒಳಗೆ ಕರಗಿದೆ. ಪಂಚ್ ಇಳಿಯುವ ಗ್ರಾಫ್ ಕೊನೆವರೆಗೂ ಇಳಿಯುತ್ತಲೇ ಇದ್ದರೆ ಇನ್ನೂ ಸಾಕಾಗಿಲ್ಲ.

ಮಾಮೂಲಿ ವ್ಯಾಕ್ಯೂಮ್ ಒಲೆಯಲ್ಲಿ ಗಂಟೆಗಟ್ಟಲೆ ಸಿಂಟರ್ ಮಾಡುವವರು ಒಲೆಯ ತಣ್ಣನೆಯ ಗೋಡೆ ನೋಡಿ. ಬೂದು ಪದರ ಕೂತಿದ್ದರೆ ಅದು ನಿಮ್ಮ ಮ್ಯಾಂಗನೀಸ್. 955 ಡಿಗ್ರಿಯಲ್ಲೇ ಅದರ ಆವಿಯ ಒತ್ತಡ 1 ಪಾಸ್ಕಲ್ ಮುಟ್ಟುತ್ತದೆ. ಆರ್ಗಾನ್ ತುಂಬಿಸಿ ಮಾಡಿ. ನೈಟ್ರೋಜನ್ ಅಗ್ಗ ಅಂತ ಮಿಲ್‌ಗೆ ಅದನ್ನು ತುಂಬಬೇಡಿ, ಕ್ರೋಮಿಯಂ ನೈಟ್ರೈಡ್ ಆಗುತ್ತದೆ.

40 ಗಂಟೆ ಮಿಲ್ ಮಾಡಲೇಬೇಕು ಅನ್ನುವ ನಂಬಿಕೆಯನ್ನೂ ಒಮ್ಮೆ ಪ್ರಶ್ನಿಸಿ. ಮಿಲ್‌ನಲ್ಲೇ ಪೂರ್ತಿ ಒಂದಾಗಬೇಕಿಲ್ಲ, ಸಾಕಷ್ಟು ಸಣ್ಣಗೆ ಬೆರೆತಿದ್ದರೆ ಉಳಿದದ್ದನ್ನು ಸಿಂಟರಿಂಗ್ ಶಾಖ ನೋಡಿಕೊಳ್ಳುತ್ತದೆ. ನಾವು ಆ 40 ಗಂಟೆಯನ್ನು ಅದರ ಅರ್ಧಕ್ಕಿಂತಲೂ ಕಮ್ಮಿಗೆ ಇಳಿಸಿದೆವು. ಮ್ಯಾಗ್ನೆಟ್ ಅಂಟಲಿಲ್ಲ.

ಇಷ್ಟೆಲ್ಲ ಮಾಡಿಯೂ ಮಣಿಸರ ಹೋಗದಿದ್ದರೆ ಬಿಲ್ಲೆಯನ್ನು ಬಿಸಿಯಾಗಿ ಎಕ್ಸ್‌ಟ್ರೂಡ್ ಮಾಡಿ (ಚಕ್ಕುಲಿ ಒತ್ತಿದ ಹಾಗೆ ಕಿಂಡಿಯಿಂದ ಒತ್ತಿ ತೆಗೆಯಿರಿ), ಇಲ್ಲವೇ ತಟ್ಟಿ. ಸಾಲಾಗಿ ಕೂತ ಆಕ್ಸೈಡ್ ಚೂರಾಗಿ ಚೆದುರುತ್ತದೆ, ನಡುವೆ ಹೊಸ ಲೋಹದ ಮೈಗಳು ತಾಗಿ ಬೆಸೆಯುತ್ತವೆ. ಚೆದುರಿದ ಅದೇ ಆಕ್ಸೈಡ್ ಆಗ ಬಲಕ್ಕೂ ಸ್ವಲ್ಪ ನೆರವಾಗುತ್ತದೆ. ದುಡ್ಡಿದ್ದರೆ ಗ್ಯಾಸ್ ಆಟೊಮೈಸ್ ಮಾಡಿದ, ಮೊದಲೇ ಅಲಾಯ್ ಆಗಿರುವ ಪುಡಿ ಕೊಳ್ಳಿ. ನಮ್ಮ ಹತ್ತಿರ ಇರಲಿಲ್ಲ. ಡಬ್ಬಿ ತೆರೆಯದ ಬ್ಯಾಚ್, ಹೊಸ ಓ-ರಿಂಗ್, ಹೊಸ ಮ್ಯಾಂಗನೀಸ್, ಅರ್ಧ ಸ್ಟಿಯರಿಕ್ ಆಸಿಡ್, ನಾಲ್ಕೂ ಕಡೆ ಉಜ್ಜಿದ ಸ್ಯಾಂಪಲ್. ಎಳೆದಾಗ ಗ್ರಾಫ್ ಬಾಗಿತು, ಬಾಗಿ ಮುಂದಕ್ಕೆ ಹೋಯಿತು, ತುಂಡಿನಲ್ಲಿ ಮೊದಲ ಸಲ ಕುತ್ತಿಗೆ ಕಂಡಿತು. ಆ ತುಂಡನ್ನು ಡ್ರಾಯರ್‌ನಲ್ಲಿ ಹಾಕದೆ ಅವತ್ತೇ ಮೈಕ್ರೋಸ್ಕೋಪ್‌ಗೆ ಒಯ್ದೆ. ಬಟ್ಟಲುಗಳೇ ಬಟ್ಟಲುಗಳು, ದಾಳಿಂಬೆ ಎಲ್ಲೋ ಮೂಲೆಯಲ್ಲಿ ಒಂದೆರಡು.